ಕೆಮ್ಮು ನಿಂತ ಮೇಲೂ ಆರು ತಿಂಗಳು ಟಿಬಿ ಮಾತ್ರೆ ಯಾಕೆ?

ಮೈಸೂರಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುವ ನನ್ನನ್ನು ನೆಂಟರು, ಅಕ್ಕಪಕ್ಕದವರು, ವಿದ್ಯಾರ್ಥಿಗಳ ಅಪ್ಪ ಅಮ್ಮ ಎಲ್ಲರೂ ಕೇಳುವ ಪ್ರಶ್ನೆ ಇದು. ಮಂಡ್ಯ ಕಡೆಯವರಂತೂ ನೇರವಾಗಿ ಕೇಳುತ್ತಾರೆ: "ಕೆಮ್ಮು ನಿಂತೋಯ್ತು, ಜ್ವರ ಇಲ್ಲ, ಊಟ ಸೇರ್ತದೆ, ಇನ್ಯಾಕೆ ಮೇಡಂ ಮಾತ್ರೆ?"

ಇದಕ್ಕೆ ಉತ್ತರ ಬೇಕಾದರೆ ಔಷಧಿ ಟಿಬಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದನ್ನು ಲ್ಯಾಬ್‌ನಲ್ಲಿ ಹೇಗೆ ಅಳೆಯುತ್ತಾರೆ ಅಂತ ನೋಡಬೇಕು. ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಸತ್ತದ್ದೂ ಬದುಕಿರುವುದೂ ಒಂದೇ ಥರ ಕಾಣುತ್ತವೆ. ಬೆಳೆಸಿಯೇ ನೋಡಬೇಕು. ಬ್ಯಾಕ್ಟೀರಿಯಾ ಇರುವ ದ್ರವಕ್ಕೆ ಔಷಧಿ ಹಾಕಿ, ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ಸ್ವಲ್ಪ ತೆಗೆದು, ಅಂಟಿಕೊಂಡಿರುವ ಔಷಧಿಯನ್ನು ತೊಳೆದು, ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳುಮಾಡಿ ಬ್ಯಾಕ್ಟೀರಿಯಾಗೆ ಬೇಕಾದ ಆಹಾರ ತುಂಬಿದ ಪ್ಲೇಟ್ ಮೇಲೆ ಹರಡುತ್ತಾರೆ. ಬದುಕಿದ್ದದ್ದು ಬೆಳೆದು ಕಾಲೊನಿಯಾಗಿ, ಅಂದರೆ ಚಿಕ್ಕ ಗುಂಪಾಗಿ, ಕಣ್ಣಿಗೆ ಬೀಳುತ್ತದೆ. ಅವನ್ನು ಎಣಿಸುವುದೇ ಅಳತೆ. ಕೇಳಲು ಸುಲಭ, ಆದರೆ ಇದು ತುಂಬಾ ನಿಧಾನ. ಕರುಳಿನ ಇ. ಕೋಲಿ ಒಳ್ಳೆ ಆಹಾರ ಸಿಕ್ಕರೆ 20 ನಿಮಿಷಕ್ಕೆ ಎರಡಾಗುತ್ತದೆ, ಟಿಬಿ ಬ್ಯಾಕ್ಟೀರಿಯಾಗೆ ಹೆಚ್ಚುಕಡಿಮೆ ಒಂದು ದಿನ ಬೇಕು. ಸೋಮವಾರ ಹರಡಿದ ಪ್ಲೇಟನ್ನು ಎಣಿಸಲು ಮೂರು ನಾಲ್ಕು ವಾರ ಕಾಯಬೇಕು. ಗಾಳಿಯಲ್ಲಿ ಹರಡುವ ರೋಗ, ಹಾಗಾಗಿ ಗಾಳಿ ಹೊರಗೆ ನುಗ್ಗದ ವಿಶೇಷ ಲ್ಯಾಬ್ ಕೂಡ ಬೇಕು.

ಹೀಗೆ ಎಣಿಸಿ, ದಿನ ಕಳೆದಂತೆ ಎಷ್ಟು ಬದುಕಿವೆ ಅಂತ ಗ್ರಾಫ್ ಹಾಕಿದರೆ ಗೆರೆ ಮೊದಲು ಕಡಿದಾಗಿ ಇಳಿಯುತ್ತದೆ, ಆಮೇಲೆ ತೆವಳುತ್ತದೆ. ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಆ ತೆವಳುವ ಭಾಗ. ಐಸೋನಿಯಜಿಡ್ ಅನ್ನುವ ಟಿಬಿ ಔಷಧಿ ಮೊದಲ ಕೆಲವು ದಿನಗಳಲ್ಲಿ ಜೋರಾಗಿ ಕೊಲ್ಲುತ್ತದೆ, ಯಾಕೆಂದರೆ ಬ್ಯಾಕ್ಟೀರಿಯಾ ಬೆಳೆಯುವಾಗ ತನ್ನ ಸುತ್ತ ಹೊಸ ಗೋಡೆ ಕಟ್ಟುವುದನ್ನೇ ಅದು ತಡೆಯುತ್ತದೆ. ಬೆಳೆಯದೆ ಸುಮ್ನೆ ಕೂತಿರುವ ಬ್ಯಾಕ್ಟೀರಿಯಾ ಗೋಡೆ ಕಟ್ಟುವುದೇ ಇಲ್ಲವಲ್ಲ, ಅದಕ್ಕೆ ಆ ಔಷಧಿ ಹೆಚ್ಚೇನೂ ಮಾಡದು. ಹೀಗೆ ಉಳಿದವನ್ನು ಮತ್ತೆ ಬೆಳೆಸಿ ಅದೇ ಔಷಧಿ ಹಾಕಿದರೆ ಬಹುಪಾಲು ಮೊದಲಿನಂತೆಯೇ ಸಾಯುತ್ತವೆ. ಅವು ಔಷಧಿಗೆ ಬಗ್ಗದವಲ್ಲ, ಮಲಗಿದ್ದವು ಅಷ್ಟೇ. ಇವೂ ಮುಗಿಯಲಿ ಅಂತಲೇ ಕೆಮ್ಮು ನಿಂತ ಮೇಲೂ ಮಾತ್ರೆ.

ಇನ್ನು ಲೆಕ್ಕ ನೋಡಿ. ಒಂದು ಮಿಲಿಲೀಟರಿನಲ್ಲಿ 10 ಲಕ್ಷ ಇದ್ದು, 99.9 ಶೇಕಡಾ ಸತ್ತರೂ 1,000 ಉಳಿಯುತ್ತವೆ. ಪ್ಲೇಟ್ ಪೂರ್ತಿ ಖಾಲಿ ಬಂತು ಅನ್ನಿ. ನಾವು ಹರಡಿದ್ದು 0.1 ಮಿಲಿಲೀಟರ್ ಮಾತ್ರ, ಉಳಿದದ್ದರಲ್ಲಿ ಕೆಲವು ಬದುಕಿರಬಹುದು. ಕಫದ ಪರೀಕ್ಷೆ ನೆಗೆಟಿವ್ ಬಂದಾಗಲೂ ಹೀಗೆಯೇ, ಕಾಣಲಿಲ್ಲ ಅಂದಮಾತ್ರಕ್ಕೆ ಇಲ್ಲ ಅಂತಲ್ಲ.

ಒಂದೇ ಔಷಧಿ ಹಾಕಿದರೆ ಇನ್ನೂ ಕೆಟ್ಟದ್ದು. ಇಳಿದ ಗೆರೆ ಕೆಲವು ದಿನ ಬಿಟ್ಟು ಮೇಲಕ್ಕೆ ಏರಬಹುದು. ಲಕ್ಷಾಂತರದಲ್ಲಿ ಮೊದಲೇ ಇದ್ದ ಒಂದೆರಡು, ನಿಜಕ್ಕೂ ಆ ಔಷಧಿಗೆ ಬಗ್ಗದವು, ಈಗ ಜಾಗವನ್ನೆಲ್ಲ ಹಿಡಿದಿರುತ್ತವೆ. ಅದಕ್ಕೇ ಮೊದಲ ಎರಡು ತಿಂಗಳು ಐಸೋನಿಯಜಿಡ್, ರಿಫಾಂಪಿಸಿನ್, ಪಿರಾಜಿನಮೈಡ್, ಎಥಾಂಬುಟಾಲ್ ನಾಲ್ಕೂ ಒಟ್ಟಿಗೆ, ಆಮೇಲಿನ ನಾಲ್ಕು ತಿಂಗಳು ಪಿರಾಜಿನಮೈಡ್ ಬಿಟ್ಟು ಮೂರು. ನಿಧಾನವಾದವನ್ನು ಮುಗಿಸುವುದರಲ್ಲಿ ರಿಫಾಂಪಿಸಿನ್ ಮತ್ತು ಪಿರಾಜಿನಮೈಡ್ ದೊಡ್ಡವು. ಇವು ಬರುವ ಮುಂಚೆ ಚಿಕಿತ್ಸೆ ಒಂದೂವರೆ ವರ್ಷದವರೆಗೂ ಎಳೆಯುತ್ತಿತ್ತು. ಆರು ತಿಂಗಳು ಅನ್ನುವ ಲೆಕ್ಕ ಬರೀ ಪ್ಲೇಟಿನಿಂದ ಬಂದದ್ದಲ್ಲ. ಮಾತ್ರೆ ಮುಗಿದ ಮೇಲೆ ಎಷ್ಟು ಜನರಿಗೆ ರೋಗ ಮರಳಿತು ಅಂತ 1970ರ ದಶಕದಲ್ಲಿ ರೋಗಿಗಳನ್ನೇ ಗಮನಿಸಿ ಕಂಡುಕೊಂಡದ್ದು. ಔಷಧಿಗೆ ಬಗ್ಗದ ಟಿಬಿಗೆ ಮಾತ್ರೆಗಳು ಬೇರೆ, ಅವಧಿಯೂ ಬೇರೆ ಇರಬಹುದು.

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ರಿಫಾಂಪಿಸಿನ್ ಬಣ್ಣ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ನೋಟ ಮಂಜಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಬದಲಿಸಬೇಕೋ ನಿಲ್ಲಿಸಬೇಕೋ ಅವರು ಹೇಳುತ್ತಾರೆ.