ವಿಂಡೋಸ್ 10 ಮುಗಿಯಿತು, ಲ್ಯಾಪ್‌ಟಾಪ್ ಮುಗಿದಿಲ್ಲ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯ, ಜೊತೆಗೆ ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್, ಎಎಂಡಿಯಲ್ಲಾದರೆ ರೈಜನ್ 2000 ಸರಣಿ ಅಥವಾ ಅದರಿಂದೀಚಿನದು ಬೇಕು. 2017ಕ್ಕೂ ಮೊದಲಿನ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ಇಲ್ಲೇ ಹೊರಗುಳಿಯುತ್ತವೆ. ಈ ತಪಾಸಣೆಯನ್ನು ತಪ್ಪಿಸಿ 11 ಹಾಕುವ ಉಪಾಯಗಳು ಯೂಟ್ಯೂಬ್ ತುಂಬ ಇವೆ. ಹಾಗೆ ಹಾಕಿದ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುತ್ತದೆಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಭದ್ರತೆಗೆಂದೇ ಬದಲಾಯಿಸುತ್ತಿರುವಾಗ ಆ ದಾರಿ ಹಿಡಿಯುವುದರಲ್ಲಿ ಅರ್ಥವಿಲ್ಲ.

ಐದನೇ, ಆರನೇ ತಲೆಮಾರಿನ ಐ3, ಐ5 ಯಂತ್ರಗಳನ್ನು ಗುಜರಿಗೆ ಹಾಕುವ ಕಾಲ ಇನ್ನೂ ಬಂದಿಲ್ಲ. ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿದರೆ ಅವು ಇನ್ನೂ ನಡೆಯುತ್ತವೆ. ಬರವಣಿಗೆ, ಬ್ರೌಸಿಂಗ್, ಮಕ್ಕಳ ಆನ್‌ಲೈನ್ ಪಾಠ, ಸಣ್ಣಪುಟ್ಟ ಲೆಕ್ಕಪತ್ರ ಇಷ್ಟಕ್ಕೆಲ್ಲ ಆ ಪ್ರೊಸೆಸರ್ ಧಾರಾಳವಾಗಿ ಸಾಕು. ಅವು ತೆವಳುವುದು ಹಾರ್ಡ್ ಡಿಸ್ಕಿನಿಂದ. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೇ ಸುಮಾರು 11 ಮಿಲಿಸೆಕೆಂಡ್ ಬೇಕು. ಅಲ್ಲೊಂದು ಇಲ್ಲೊಂದು ಇರುವ ಸಣ್ಣ ಫೈಲುಗಳನ್ನು ಓದುವಾಗ ಅದು ಸೆಕೆಂಡಿಗೆ ನೂರು ಓದು ಮುಟ್ಟುವುದೂ ಕಷ್ಟ. ತಿರುಗುವ ಭಾಗವಿಲ್ಲದ, ಚಿಪ್ಪಿನಲ್ಲೇ ಫೈಲು ಇಡುವ ಸಾಧಾರಣ ಎಸ್‌ಎಸ್‌ಡಿ ಸಾವಿರಗಟ್ಟಲೆ ಓದುತ್ತದೆ. ಹಾಗಾಗಿ ಕೈಯಲ್ಲಿರುವ ಹಣ ಮೊದಲು ಎಸ್‌ಎಸ್‌ಡಿಗೆ ಹೋಗಲಿ, ಆಮೇಲೆ ರ‍್ಯಾಮ್‌ಗೆ.

ಹಳೆಯ ಲ್ಯಾಪ್‌ಟಾಪಿಗೆ ಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. 240 ಅಥವಾ 256 ಜಿಬಿ ಸಾಕು. ಎಸ್‌ಎಸ್‌ಡಿಯ ದಪ್ಪ 7 ಮಿ.ಮೀ.; ಹಳೆಯ ಡಿಸ್ಕ್ 9.5 ಮಿ.ಮೀ. ಇದ್ದರೆ ಅದು ಜಾಗದಲ್ಲಿ ಅಲುಗಾಡುತ್ತದೆ, ತೆಳು ಪ್ಲಾಸ್ಟಿಕ್ ಚೌಕಟ್ಟು ಸೇರಿಸಬೇಕು. ಕಡ್ಡಿಯಂಥ ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಕಂಡರೆ ಹಿಗ್ಗಿ, ಸಾಟಾಗಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ತಂದುಬಿಡಬೇಡಿ. ಆ ಕಾಲದ ಹಲವು ಸ್ಲಾಟುಗಳು ಸಾಟಾ ಮಾದರಿಯವು, ಎನ್‌ವಿಎಂಇ ಕಡ್ಡಿ ಅದರಲ್ಲಿ ಕೂತರೂ ಕಾಣಿಸಿಕೊಳ್ಳುವುದಿಲ್ಲ. ಮಾದರಿ ಸಂಖ್ಯೆ ಹಿಡಿದು ಸರ್ವಿಸ್ ಮ್ಯಾನುಯಲ್ ನೋಡಿ. ನಂಬಲಾಗದ ಬೆಲೆಗೆ 2 ಟಿಬಿ ಎಂದು ಮಾರುವ ಹೆಸರಿಲ್ಲದ ಸರಕಿನಲ್ಲಿ ಒಳಗಿರುವುದು ಎಷ್ಟೋ ಸಲ ಸಣ್ಣ ಚಿಪ್ಪು. ತುಂಬಿದ ಮೇಲೆ ಹಳೆಯ ಫೈಲುಗಳ ಮೇಲೆಯೇ ಬರೆಯುತ್ತ ಹೋಗುತ್ತದೆ.

ರ‍್ಯಾಮ್ 4 ಜಿಬಿ ಇದ್ದರೆ 8 ಮಾಡಿ. ನಾಲ್ಕನೇ, ಐದನೇ ತಲೆಮಾರಿನ ಲ್ಯಾಪ್‌ಟಾಪುಗಳಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು. ಅಂಗಡಿಯಲ್ಲಿ ಬರೀ ‘ಡಿಡಿಆರ್3’ ಎಂದರೆ 1.5 ವೋಲ್ಟಿನದು ಕೈಗೆ ಬರಬಹುದು, ಅದನ್ನು ಹಾಕಿದರೆ ಯಂತ್ರ ಎದ್ದೇಳದಿರಬಹುದು. ಬಿಚ್ಚುವಾಗ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ. ಸ್ಕ್ರೂ ಎಲ್ಲ ತೆಗೆದರೂ ಮುಚ್ಚಳ ಬರಲಿಲ್ಲವೆಂದರೆ ರಬ್ಬರ್ ಪಾದದ ಅಡಿಯಲ್ಲೊಂದು ಉಳಿದಿರುತ್ತದೆ. ಬಲ ಹಾಕಿ ಎಳೆಯಬೇಡಿ.

ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡುವ ಗೋಜೇ ಬೇಡ ಎನ್ನುತ್ತೇನೆ. ವಿಂಡೋಸ್ ಇರುವ ಹಳೆಯ ಡಿಸ್ಕನ್ನು ಹಾಗೆಯೇ ಹೊರತೆಗೆದು ಯುಎಸ್‌ಬಿ ಕೇಸಿನಲ್ಲಿಡಿ. ಫೈಲುಗಳು ಅದರಲ್ಲೇ ಭದ್ರ, ಮನಸ್ಸು ಬದಲಾದರೆ ಮತ್ತೆ ಅದನ್ನೇ ಕೂರಿಸಿದರಾಯಿತು. ತೆಗೆಯುವ ಮೊದಲು ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇದೆಯೇ ನೋಡಿ. ಇದ್ದರೆ 48 ಅಂಕೆಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಆ ಡಿಸ್ಕ್ ಬೇರೆಲ್ಲೂ ತೆರೆಯುವುದಿಲ್ಲ.

ಹೊಸ ಎಸ್‌ಎಸ್‌ಡಿಗೆ ಲಿನಕ್ಸ್ ಮಿಂಟ್ 22 ಹಾಕಿ. ಉಬುಂಟು 24.04 ಎಂಬ ಇನ್ನೊಂದು ಲಿನಕ್ಸಿನ ಮೇಲೆ ಕಟ್ಟಿದ್ದು, 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್ ಆವೃತ್ತಿ, 4 ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ. ಐಎಸ್‌ಒ ಎಂಬ ಇನ್‌ಸ್ಟಾಲ್ ಕಡತ ಇಳಿಸಿಕೊಂಡು, ಅದು ಸರಿಯಾಗಿ ಬಂದಿದೆಯೇ ಎಂದು ಚೆಕ್‌ಸಮ್ ತಾಳೆ ನೋಡಿ, ರೂಫಸ್ ಎಂಬ ತಂತ್ರಾಂಶ ಬಳಸಿ 8 ಜಿಬಿ ಪೆನ್‌ಡ್ರೈವಿಗೆ ಬರೆಯಿರಿ, ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಯುತ್ತದೆ. ಯಂತ್ರ ಪೆನ್‌ಡ್ರೈವಿನಿಂದ ಶುರುವಾಗಲು ಬೂಟ್ ಮೆನು ತೆರೆಯಬೇಕು; ಅದಕ್ಕೆ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸೂಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಎಷ್ಟೋ ಮಾದರಿಗಳಲ್ಲಿ ಅದನ್ನು ಮೊದಲು ಯಂತ್ರದ ಮೂಲ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ಎನೇಬಲ್ ಮಾಡಬೇಕು.

ಇನ್‌ಸ್ಟಾಲ್ ಒತ್ತುವ ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ವೈಫೈ, ಸ್ಪೀಕರ್, ಟಚ್‌ಪ್ಯಾಡ್, ಕ್ಯಾಮೆರಾ, ಮುಚ್ಚಳ ಮುಚ್ಚಿದಾಗಿನ ನಿದ್ರೆ ಎಲ್ಲವನ್ನೂ ಪರೀಕ್ಷಿಸಿ. ವೇಗವನ್ನು ಮಾತ್ರ ಈಗಲೇ ಅಳೆಯಬೇಡಿ, ಪೆನ್‌ಡ್ರೈವ್ ನಿಧಾನವೇ. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ನೆಟ್‌ವರ್ಕ್ ಕಾಣದಿರಬಹುದು. ಫೋನನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ, ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರ್ ಅಲ್ಲೇ ಸಿಗುತ್ತದೆ. ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ ಸಾಟಾ ಮೋಡ್ ‘ರೇಡ್’ ಅಥವಾ ‘ಆರ್‌ಎಸ್‌ಟಿ’ ಎಂದಿರುತ್ತದೆ, ಅದನ್ನು ಎಎಚ್‌ಸಿಐ ಮಾಡಿ.

ಈಗ ಕನ್ನಡ. ಇಲ್ಲೇ ಬಹಳ ಜನ ಎಡವಿ ವಿಂಡೋಸಿಗೆ ಮರಳುತ್ತಾರೆ, ಹಾಗಾಗಬಾರದು. ಮಿಂಟ್‌ನ ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ‘ಕಗಪ’ ಎಂಬುದು ನೇರವಾಗಿಯೇ ಸಿಗುತ್ತದೆ, ಆದರೆ ಅದು ‘ನುಡಿ’ ತಂತ್ರಾಂಶದಂತೆ ನಡೆದುಕೊಳ್ಳುವುದಿಲ್ಲ. ಬಿಡಿ ಸ್ವರಗಳಿಗೆ ಬಲಗಡೆಯ ಆಲ್ಟ್ ಒತ್ತಬೇಕಾಗುತ್ತದೆ. ನುಡಿಯಲ್ಲಿ ಪಳಗಿದ ಬೆರಳಿಗೆ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಜೊತೆಗೆ ಕೆಲಸ ಮಾಡುವ ಎಂ17ಎನ್ ಒಳ್ಳೆಯದು. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ‘ಐಬಸ್-ಎಂ17ಎನ್’ ಹಾಕಿಕೊಂಡು, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಬನ್ನಿ. ನಂತರ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಅಡಿಯಲ್ಲಿ ‘ಕೆಜಿಪಿ’ ಸೇರಿಸಿ. ಆಮೇಲೆ ಇಂಗ್ಲಿಷಿನ i ಒತ್ತಿದರೆ ಇ, k ಆದಮೇಲೆ i ಒತ್ತಿದರೆ ಕಿ, ಒತ್ತಕ್ಷರಕ್ಕೆ ನಡುವೆ f. ಕೆ.ಪಿ. ರಾವ್ ರೂಪಿಸಿದ ಆ ವಿನ್ಯಾಸದ ಜಾಣ್ಮೆ ಇವತ್ತಿಗೂ ಮಾಸಿಲ್ಲ.

ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಕಡತಗಳು ಲಿನಕ್ಸಿನಲ್ಲಿ ಬಳಸುವ ಬರವಣಿಗೆ ತಂತ್ರಾಂಶ ಲಿಬ್ರೆಆಫೀಸಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಂಡರೆ ಗಾಬರಿ ಬೇಡ, ಕಡತ ಕೆಟ್ಟಿಲ್ಲ. ಆ ಫಾಂಟ್ ಫೈಲನ್ನು ಹಳೆಯ ಡಿಸ್ಕಿನಿಂದ ತಂದು ಹಾಕಿದರೆ ಓದಲು ಬರುತ್ತದೆ. ತಿದ್ದಬೇಕಾದರೆ ಯುನಿಕೋಡಿಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಎರಡೆರಡು ಒತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ತಪ್ಪು ನುಸುಳುವುದು ಅಲ್ಲೇ. ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡವೆಂದೇ ತಿಳಿದು ಕೆಡಿಸಿರುತ್ತದೆ.

ಪ್ರಿಂಟರ್ ಬಗ್ಗೆ ಮೊದಲೇ ತಿಳಿದಿರಬೇಕು. ಎಚ್‌ಪಿಯ ಹಲವು ಸಣ್ಣ ಲೇಸರುಗಳು ಎಚ್‌ಪಿಲಿಪ್ (HPLIP) ಎಂಬ ಪ್ರಿಂಟರ್ ತಂತ್ರಾಂಶದ ಪ್ಲಗಿನ್ ಹಾಕಿದರೆ ಕೆಲಸ ಮಾಡುತ್ತವೆ. ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ2900 ಮಾತ್ರ ಲಿನಕ್ಸಿನಲ್ಲಿ ಬಹಳ ಸತಾಯಿಸುತ್ತದೆ.

ಟ್ಯಾಲಿ, ಪೇಜ್‌ಮೇಕರ್, ಡಿಜಿಟಲ್ ಸಹಿಯ ಟೋಕನ್ ಇವುಗಳ ಮೇಲೆ ಹೊಟ್ಟೆಪಾಡು ನಿಂತಿರುವವರು ಸದ್ಯ ಲಿನಕ್ಸಿಗೆ ಬರಬೇಡಿ. ವಿಂಡೋಸ್ 10ರಲ್ಲೇ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್‌ಗೆ ಹೋದರೆ ವಿಸ್ತರಿತ ಭದ್ರತಾ ಅಪ್‌ಡೇಟ್ ಅಂದರೆ ಇಎಸ್‌ಯುಗೆ ನೋಂದಾಯಿಸುವ ಕೊಂಡಿ ಇದೆ. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಬ್ಯಾಕಪ್ ಚಾಲೂ ಮಾಡಿದರೆ ಹಣ ಕೊಡಬೇಕಿಲ್ಲ. 2026ರ ಅಕ್ಟೋಬರ್ 13ರವರೆಗೆ ರಕ್ಷಣೆ ಸಿಗುತ್ತದೆ. ಆ ಯಂತ್ರಕ್ಕೂ ಎಸ್‌ಎಸ್‌ಡಿ ಹಾಕಿ, ಹಳೆಯ ಡಿಸ್ಕನ್ನು ಅದಕ್ಕೆ ಕ್ಲೋನ್ ಮಾಡಿದರೆ ಟ್ಯಾಲಿ, ಟೋಕನ್ ಡ್ರೈವರ್ ಯಾವುದನ್ನೂ ಮತ್ತೆ ಹಾಕಬೇಕಾಗಿಲ್ಲ.