ಡಾಕ್ಟರು ಕೇಳದ ಸಾರಿ

ಸೋಮವಾರ ಬೆಳಗಿನ ಜಾವ ನಾಲ್ಕೂವರೆಗೆ ತೀವ್ರ ನಿಗಾ ಘಟಕದ ಬಾಗಿಲು ತೆರೆಯಿತು. ಹೊರಗೆ ಬಂದವರು ರಾತ್ರಿ ಪಾಳಿಯ ಕಿರಿಯ ಡಾಕ್ಟರು. ಮಾಸ್ಕನ್ನು ಗಲ್ಲಕ್ಕೆ ಇಳಿಸಿದ್ದರು, ಅದರ ತಂತಿ ಒತ್ತಿದ ಕೆಂಪು ಗೆರೆ ಮೂಗಿನ ಮೇಲೆ ಹಾಗೇ ಉಳಿದಿತ್ತು. ದೊಡ್ಡಮ್ಮನ ಮುಂದೆ ಬಂದು ನಿಂತು, ಸ್ವಲ್ಪ ಬಾಗಿ, "ಸಾರಿ ಅಮ್ಮಾ" ಎಂದರು.

ದೊಡ್ಡಮ್ಮ ಕುರ್ಚಿಯಲ್ಲಿ ಕೂತಲ್ಲಿಂದಲೇ ಮುಖವೆತ್ತಿ ಕೇಳಿದರು: "ಯಾಕಪ್ಪಾ, ನೀವು ಯಾಕೆ ಸಾರಿ ಕೇಳುತ್ತೀರಿ? ಏನು ತಪ್ಪಾಯಿತು?"

ಆ ಪ್ರಶ್ನೆಯಲ್ಲಿ ಜಗಳ ಇರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಆ ಹುಡುಗ ಏನೋ ಸಣ್ಣ ತಪ್ಪು ಮಾಡಿದ್ದಾನೆ, ಔಷಧಿ ಚೀಟಿ ಕಳೆದಿರಬೇಕು ಅಥವಾ ಯಾರದೋ ಹೆಸರು ಬದಲಾಗಿರಬೇಕು ಎಂದೇ ಅವರು ತಿಳಿದಿದ್ದರು. ಐವತ್ತಾರು ವರ್ಷ ಜೊತೆಗಿದ್ದ ಗಂಡ ಹೋದರು ಎನ್ನುವ ಸುದ್ದಿ ಆ ಎರಡು ಅಕ್ಷರದೊಳಗೆ ಇದೆ ಎಂದು ಅವರಿಗೆ ಹೇಗೆ ತಿಳಿಯಬೇಕು?

ತಿಳಿದದ್ದು ನನ್ನ ತಮ್ಮನಿಗೆ, ಅಂದರೆ ದೊಡ್ಡಮ್ಮನ ಕಿರಿಮಗನಿಗೆ. ಬೆಂಗಳೂರಿನಿಂದ ಹಿಂದಿನ ರಾತ್ರಿಯಷ್ಟೇ ಬಂದಿದ್ದ. ಅದಕ್ಕೆ ಮೊದಲು ಎರಡು ದೀಪಾವಳಿಗೂ ಬಂದಿರಲಿಲ್ಲ. "ಕೇಳಿದಿರಾ? ಅವರೇ ಸಾರಿ ಕೇಳುತ್ತಿದ್ದಾರೆ! ತಪ್ಪು ಮಾಡದೆ ಯಾರಾದರೂ ಸಾರಿ ಕೇಳುತ್ತಾರೆಯೇ?" ಎಂದು ಎದ್ದು ನಿಂತ. ತನ್ನೊಳಗಿನ ಅಪರಾಧಿ ಭಾವವನ್ನು ಇಳಿಸಲು ಅವನಿಗೆ ಒಂದು ಹೆಗಲು ಬೇಕಿತ್ತು, ಎದುರಿಗೆ ಸಿಕ್ಕಿತು. ನನಗೆ ಅವನ ಮೇಲೆ ಇನ್ನೂ ಸಿಟ್ಟಿದೆ. ಆ ಹಿರಿಯ ವೈದ್ಯರ ಮೇಲೂ ಇದೆ. ಆರು ದಿನ ದೊಡ್ಡಪ್ಪನ ಶ್ವಾಸಕೋಶದ ಚಿತ್ರಗಳನ್ನು ತೋರಿಸಿ ವಿವರಿಸಿದವರು, ಕೊನೆಯ ಮಾತನ್ನು ಹೇಳಲು ಮಾತ್ರ ಕನ್ನಡ ಸರಿಯಾಗಿ ಬಾರದ ಹುಡುಗನನ್ನು ಕಳುಹಿಸಬಾರದಿತ್ತು.

ತಮ್ಮನ ದನಿ ಏರಿದಷ್ಟೂ ಡಾಕ್ಟರು "ಸಾರಿ ಸರ್, ಸಾರಿ" ಎನ್ನುತ್ತಲೇ ಹೋದರು. ಪ್ರತಿ ಸಾರಿಯೂ ಇನ್ನೊಂದು ತಪ್ಪೊಪ್ಪಿಗೆಯಂತೆ ಎಲ್ಲರ ಕಿವಿಗೆ ಬಿತ್ತು. ಪಕ್ಕದ ಗೋಡೆಯಲ್ಲಿ ವೈದ್ಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ ಜೈಲು ಎಂಬ ಫಲಕ. ಅದರ ಕೆಳಗೇ ಕಾವಲುಗಾರರು ಬಂದು ನಿಂತರು. ಹೆಬ್ಬೆರಳಿನಿಂದ ಸ್ಟೆತಾಸ್ಕೋಪಿನ ಕೊಳವೆಯನ್ನು ಉಜ್ಜುತ್ತಾ ನಿಂತಿದ್ದ ಆ ಡಾಕ್ಟರು, ಮೂರು ಗಂಟೆಯಿಂದ ದೊಡ್ಡಪ್ಪನ ಎದೆ ಒತ್ತಿ ಒತ್ತಿ ಸೋತವರು ಎಂದು ನಮಗೆ ಆಮೇಲೆ ನರ್ಸ್ ಹೇಳಿದರು.

ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ಸಾರಿ ಎಂಬ ಪದದ ಸಮಾನಾರ್ಥಕಗಳನ್ನು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಸಿದ್ದೇನೆ: ದುಃಖಿತ, ಪಶ್ಚಾತ್ತಾಪಪಟ್ಟ, ಮರುಗಿದ, ಶೋಚನೀಯ. ಮಕ್ಕಳು ಬಾಯಿಪಾಠ ಮಾಡಿ ಅಂಕ ಪಡೆದಿದ್ದಾರೆ. ಆದರೆ ಆ ಮೊಗಸಾಲೆಯಲ್ಲಿ ನಿಂತಾಗಲೇ ನನಗೆ ಹೊಳೆದದ್ದು, ಇಂಗ್ಲಿಷಿನಲ್ಲಿ ಸಾರಿ ಒಂದು ಗುಣವಾಚಕ. ಅಲ್ಲಿ ಮನುಷ್ಯ ಸಾರಿ 'ಆಗಿರುತ್ತಾನೆ', ಹಸಿದಿರುವಂತೆ, ದಣಿದಿರುವಂತೆ. ನಾವು ಅದನ್ನು ನಾಮಪದ ಮಾಡಿಕೊಂಡೆವು, ಕ್ಷಮೆಯ ಜಾಗದಲ್ಲಿ ಕೂರಿಸಿ 'ಕೇಳು' ಎಂಬ ಕ್ರಿಯಾಪದವನ್ನು ಕಟ್ಟಿದೆವು. ಕನ್ನಡದಲ್ಲಿ ಸಾರಿ ಕೇಳುವ ವಸ್ತು. ಕೇಳಿದ ಮೇಲೆ ಎದುರಿನವರು ಕೊಡಬೇಕು ಅಥವಾ ಕೊಡಬಾರದು. ಡಾಕ್ಟರು ಏನನ್ನೂ ಕೇಳಿರಲಿಲ್ಲ. ಅವರು ಸಾರಿ ಆಗಿದ್ದರು. ದೊಡ್ಡಮ್ಮ ಮಾತ್ರ "ಯಾಕೆ ಸಾರಿ ಕೇಳುತ್ತೀರಿ" ಎಂದರು. ಇಡೀ ಗಲಾಟೆ ಹುಟ್ಟಿದ್ದು ಆ ಒಂದು ಕ್ರಿಯಾಪದದಲ್ಲಿ.

ಆ ಪದದ ಬೇರು ಹಳೆಯ ಇಂಗ್ಲಿಷಿನ 'ಸಾರ್' ಎಂಬ ಪದದಲ್ಲಿದೆ. ಅರ್ಥ, ನೋವು. ಇಂದಿಗೂ ಗಂಟಲು ಕೆರೆತಕ್ಕೆ 'ಸೋರ್ ಥ್ರೋಟ್' ಎನ್ನುವಾಗ ಬರುವುದು ಅದೇ ಬೇರು. ದುಃಖ ಎಂಬರ್ಥದ 'ಸಾರೋ' ಬೇರೆ ಮೂಲದಿಂದ ಬಂದದ್ದು, ದನಿ ಹೋಲುವುದರಿಂದ ಎರಡೂ ಒಂದೇ ಮನೆಯವು ಎಂದು ನಾನು ಬಹಳ ವರ್ಷ ನಂಬಿದ್ದೆ. ತಪ್ಪು ಎಂಬುದು ಆ ಪದದ ಹುಟ್ಟಿನಲ್ಲಿಲ್ಲ. ಹುಟ್ಟಿನಲ್ಲಿರುವುದು ಹುಣ್ಣು.

ದೇಶಗಳೇ ಈ ಪದದಲ್ಲಿ ಸಿಕ್ಕಿಕೊಂಡಿವೆ. 2001ರ ಏಪ್ರಿಲ್ 1ರಂದು ಅಮೆರಿಕದ ಬೇಹುಗಾರಿಕೆ ವಿಮಾನಕ್ಕೂ ಚೀನಾದ ಯುದ್ಧವಿಮಾನಕ್ಕೂ ಡಿಕ್ಕಿಯಾಗಿ ಚೀನಾದ ಪೈಲಟ್ ಸತ್ತ. ಹೈನಾನ್ ದ್ವೀಪದಲ್ಲಿ ಇಳಿದ ಅಮೆರಿಕದ 24 ಸಿಬ್ಬಂದಿಯನ್ನು ಚೀನಾ 11 ದಿನ ಹಿಡಿದಿಟ್ಟಿತು. ಕೊನೆಗೆ ಅಮೆರಿಕ ಕೊಟ್ಟ ಪತ್ರದಲ್ಲಿ 'ವೆರಿ ಸಾರಿ' ಎಂಬುದು ಎರಡು ಸಲ ಬಂದಿತ್ತು. ಚೀನಾ ಅದನ್ನು ಕ್ಷಮಾಪಣೆ ಎಂದು ಜನರಿಗೆ ತಿಳಿಸಿತು, ಅಮೆರಿಕ ಅದು ಕ್ಷಮಾಪಣೆಯಲ್ಲ ಎಂದಿತು. ಇದೇ ಇಂಗ್ಲಿಷ್ ಮಾತಿನವರು ತಮಗೆ ಬೇಕಾದಾಗ ಇನ್ನೊಂದು ಪದದ ಮರೆಗೆ ಹೋಗುವುದೂ ಉಂಟು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬಲು ಮೂರು ದಿನ ಇದ್ದಾಗ, 2019ರ ಏಪ್ರಿಲ್ 10ರಂದು, ಬ್ರಿಟನ್ ಪ್ರಧಾನಿ ಥೆರೆಸಾ ಮೇ ಸಂಸತ್ತಿನಲ್ಲಿ ಆಡಿದ್ದು 'ರಿಗ್ರೆಟ್' ಎಂಬ ಪದವನ್ನು. ನಮ್ಮ ಪತ್ರಿಕೆಗಳು ಅದನ್ನು ವಿಷಾದ ಎಂದು ಬರೆದವು. ವಿಷಾದಕ್ಕೆ ಹೊಣೆಗಾರಿಕೆ ಇಲ್ಲ, ಮಳೆ ಬಾರದಿದ್ದರೂ ವಿಷಾದಿಸಬಹುದು. ತಪ್ಪು ಇದ್ದ ಕಡೆ ಸಾರಿ ಎನ್ನಲಿಲ್ಲ. ನಮ್ಮ ಆಸ್ಪತ್ರೆಯಲ್ಲಿ ತಪ್ಪಿಲ್ಲದ ಹುಡುಗ ಸಾರಿ ಎಂದು ಬೈಸಿಕೊಂಡ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1986ರಲ್ಲೇ ಇದಕ್ಕೊಂದು ಕಾನೂನು ತಂದಿತ್ತು. ಅಪಘಾತದಲ್ಲಿ ನೊಂದವರಿಗೋ ಅವರ ಮನೆಯವರಿಗೋ ಆಡಿದ ಮರುಕದ ಮಾತನ್ನು ತಪ್ಪೊಪ್ಪಿಗೆ ಎಂದು ನ್ಯಾಯಾಲಯದಲ್ಲಿ ಹಿಡಿಯುವಂತಿಲ್ಲ. ಮರುಗುವುದಕ್ಕೂ ಕಾನೂನಿನ ರಕ್ಷಣೆ ಬೇಕಾಯಿತಲ್ಲ ಎಂದು ಮೊದಲು ಓದಿದಾಗ ನನಗೆ ಬೇಸರವಾಗಿತ್ತು. ಈಗ ಅದು ಎಷ್ಟು ಅಗತ್ಯ ಎಂದು ಅರ್ಥವಾಗುತ್ತಿದೆ.

ಮಂಗಳವಾರದಿಂದ ಮನೆ ತುಂಬಾ ಜನ. ಬಂದವರು ಚಪ್ಪಲಿ ಬಿಟ್ಟು ಒಳಗೆ ಬಂದು, ದೊಡ್ಡಮ್ಮನ ಪಕ್ಕ ಕೂತು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಿದ್ದದ್ದು ಒಂದೇ ಮಾತು: "ಹೀಗಾಗಬಾರದಿತ್ತು." ಆ ಮಾತಿನಲ್ಲಿ ನಾನು ಎಂಬುದಿಲ್ಲ, ನೀನು ಎಂಬುದಿಲ್ಲ, ಯಾರ ತಪ್ಪೂ ಇಲ್ಲ, ನೋವು ಮಾತ್ರ ಇದೆ. ಆ ಡಾಕ್ಟರು ಹೇಳಬೇಕೆಂದಿದ್ದದ್ದು ಇದನ್ನೇ. ನನ್ನ ಕರಿಹಲಗೆಯ ಪಟ್ಟಿಯಲ್ಲಿ ಈ ಅರ್ಥವನ್ನು ನಾನು ಒಂದು ದಿನವೂ ಬರೆದಿಲ್ಲ.

ತಪ್ಪಿಗಾದರೆ ನಮ್ಮಲ್ಲಿ ಎಷ್ಟೊಂದು ಮಾತುಗಳಿವೆ! ತಪ್ಪಾಯಿತು, ಮನ್ನಿಸಿ, ಬೇಜಾರು ಮಾಡಿಕೊಳ್ಳಬೇಡಿ. ಕಾಲು ತಾಗಿದರೆ ಮಾತೇ ಬೇಡ, ಮುಟ್ಟಿ ಕಣ್ಣಿಗೆ ಒತ್ತಿಕೊಂಡರೆ ಆಯಿತು. ಚಿಕ್ಕವಳಿದ್ದಾಗ ದೇವರ ಮನೆಯ ದೀಪವನ್ನು ಉರುಳಿಸಿದ್ದಕ್ಕೆ ದೊಡ್ಡಪ್ಪ ನನ್ನ ಕೈಯಿಂದಲೇ ನಾಲ್ಕಾಣೆಯನ್ನು ಹಳದಿ ಬಟ್ಟೆಯಲ್ಲಿ ಕಟ್ಟಿಸಿ ತಪ್ಪುಕಾಣಿಕೆ ಇಡಿಸಿದ್ದರು. ಗಂಟು ಬಿಗಿಯಲು ಬಾರದೆ ನಾನು ಒದ್ದಾಡುತ್ತಿದ್ದರೆ, ಅಡಿಕೆ ಸುಲಿದು ಕಪ್ಪಾದ ತಮ್ಮ ಬೆರಳನ್ನು ಗಂಟಿನ ಮೇಲಿಟ್ಟು ಅದುಮಿ ಹಿಡಿದಿದ್ದರು. ಬೈದಿರಲಿಲ್ಲ. ದೊಡ್ಡಮ್ಮನ ಮಾತು ಇನ್ನೂ ದೊಡ್ಡದು: "ಹೊಟ್ಟೆಗೆ ಹಾಕಿಕೊಳ್ಳಿ." ನನ್ನ ತಪ್ಪನ್ನು ನೀವು ನುಂಗಿ ಅರಗಿಸಿಕೊಳ್ಳಿ ಎಂದು ಬೇಡುವ ಭಾಷೆ ನಮ್ಮದು.

ಗುರುವಾರ ಮರಣ ಪ್ರಮಾಣಪತ್ರಕ್ಕೆ ಬೇಕಾದ ಕಾಗದ ತರಲು ನಾನೇ ಆಸ್ಪತ್ರೆಗೆ ಹೋದೆ. ಹೊರಡುವಾಗ ದೊಡ್ಡಮ್ಮ ಕೈ ಹಿಡಿದು, "ಆ ಹುಡುಗ ಸಿಕ್ಕರೆ ನಮ್ಮದು ತಪ್ಪಾಯಿತು ಎಂದು ಹೇಳು. ಇವನು ಹಾಗೆ ಕೂಗಬಾರದಿತ್ತು" ಎಂದರು. ಸಿಕ್ಕರು. ಲಿಫ್ಟಿನ ಹತ್ತಿರ, ಕೈಯಲ್ಲಿ ಕಾಗದದ ಕಟ್ಟು ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದದ್ದು ಕಂಡು ಕರುಳು ಹಿಂಡಿದಂತಾಯಿತು.

ಇಂಗ್ಲಿಷಿನಲ್ಲಿ ಹೇಳಬಹುದಿತ್ತು, ಅದೇ ನನ್ನ ಕಸುಬು. ಆದರೆ ಆ ಪದ ನಾಲಿಗೆಗೆ ಬರಲಿಲ್ಲ. ಕೈ ಮುಗಿದು, "ಅವತ್ತಿನದನ್ನು ಹೊಟ್ಟೆಗೆ ಹಾಕಿಕೊಳ್ಳಿ ಡಾಕ್ಟರೇ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಕಾಗದದ ಕಟ್ಟನ್ನು ಪಕ್ಕದ ಬೆಂಚಿನ ಮೇಲಿಟ್ಟು ಹತ್ತಿರ ಬಂದರು.

"ಹೊಟ್ಟೆ ನೋವು? ಎಷ್ಟು ದಿನದಿಂದ?"