ಪೊರೆಯೊಳಗೆ ಮೂರು ನೆರಳು

ಧಾರವಾಡದ ಜಿಟಿಜಿಟಿ ಮಳೆ ನನಗೆ ಇಷ್ಟವೇ. ಆದರೆ ಈ ವಾರ ಸ್ವಲ್ಪ ಬಿಡುವು ಕೊಡಬಾರದಾ ಅನ್ನಿಸ್ತಿದೆ. ನಮ್ಮ ಕ್ಯಾಟ್ಲಿಯಾ ಆರ್ಕಿಡ್ ಮೊಗ್ಗು ಕಟ್ಟಿದೆ. ಎಲೆ ಹುಟ್ಟುವ ಜಾಗದಲ್ಲಿ, ಗೋವಿನಜೋಳದ ತೆನೆಗೆ ಸಿಪ್ಪೆ ಇದ್ದ ಹಾಗೆ, ಒಂದು ಚಪ್ಪಟೆ ಹಸಿರು ಪೊರೆ. ಮೊಗ್ಗೆಲ್ಲ ಅದರೊಳಗೆ. ರಾತ್ರಿ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಮೂರು ನೆರಳು, ಒಂದೊಂದೂ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ.

ಹೋದ ಸಲ ಪೊರೆಯೊಳಗೆ ನೀರು ನಿಂತು ಮೊಗ್ಗು ಕೊಳೆತು ಕಪ್ಪಾಗಿತ್ತು. ತಪ್ಪು ನನ್ನದೇ, ಮೇಲಿಂದ ಸುರಿಯುತ್ತಿದ್ದೆ. ಈಗ ಬೆಳಿಗ್ಗೆ ಹೊತ್ತು, ಬುಡಕ್ಕೆ ಮಾತ್ರ ನೀರು. ಕುಂಡ ತಿರುಗಿಸುವುದೂ ಇಲ್ಲ. ಬೆಳಕಿನ ದಿಕ್ಕು ಬದಲಾದರೆ ಹೂವಿನ ಕತ್ತು ಸೊಟ್ಟಗಾಗುತ್ತದೆ. ಪೊರೆ ಒಣಗಿ ಕಂದು ಬಣ್ಣಕ್ಕೆ ಬಂದರೆ ಹೆದರಬೇಕಿಲ್ಲ, ಕೆಲವು ಜಾತಿಗಳಲ್ಲಿ ಅದು ಮಾಮೂಲಿ. ಹಳದಿಯಾಗಿ ಒಳಗೆ ಪಸೆ ಕಂಡರೆ ಮಾತ್ರ ತುದಿ ಕತ್ತರಿಸಿ ಗಾಳಿಗೆ ಬಿಡಬೇಕು.

"ಒಂಚೂರ ಬಿಡಿಸಿ ನೋಡಬಾರದೇನ?" ಅಂತ ಅವ್ವ ದಿನಾ ಕೇಳ್ತಾಳೆ. ನನಗೂ ಕೈ ತಡೆಯುವುದಿಲ್ಲ. ಪೇಢೆ ಡಬ್ಬಿ ಆಗಿದ್ದರೆ ಇಷ್ಟೊತ್ತಿಗೆ ಖಾಲಿ! ಇದನ್ನು ಮಾತ್ರ ಸುಮ್ನೆ ನೋಡುತ್ತಾ ಕೂರಬೇಕು. ಹಾಗೆ ಕೂತು ಎಷ್ಟು ವರ್ಷವಾಗಿತ್ತೋ.

ಇವತ್ತು ಒಂದು ಇರುವೆ ಪೊರೆಯ ತುದಿಗೆ ಬಂದು ಕೂತಿತ್ತು. ಅದಕ್ಕೂ ಅವಸರ.